ಏರದೆ ಉಳಿದ ಸಿಂಹಾಸನ: ಟಿಪ್ಪು ಸುಲ್ತಾನರ ಪಟ್ಟದ ಕಥೆ

ಟಿಪ್ಪು ಸುಲ್ತಾನರ ಬಗ್ಗೆ ಇನ್ನೇನು ಹೊಸದಾಗಿ ಬರೆಯುವುದಿದೆ ಎಂದು ನೀವು ಕೇಳಬಹುದು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಕ್ಕಳು ನಡೆಯಲು ಕಲಿತ ಮೇಲೆ ಮೊದಲು ನೋಡುವ ಊರುಗಳಲ್ಲಿ ಶ್ರೀರಂಗಪಟ್ಟಣವೂ ಒಂದು. ಗುಂಬಜ್, ದರಿಯಾ ದೌಲತ್, ಮಸ್ಜಿದ್-ಎ-ಆಲಾ ನಿಮಗೆಲ್ಲ ಗೊತ್ತು. ಯುದ್ಧಗಳ ಹೆಸರು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ಆದರೆ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಟಿಪ್ಪು ದೊರೆಯಾದದ್ದು ಹೇಗೆ? ಯಾವ ಹಕ್ಕಿನಿಂದ? ಅವರ ನಂತರ ಅವರ ಮಕ್ಕಳು ಏಕೆ ದೊರೆಗಳಾಗಲಿಲ್ಲ? ಈ ಲೇಖನದಲ್ಲಿ ಅವರ ಬದುಕನ್ನು ಈ ಒಂದು ದಾರದಲ್ಲಿ ಪೋಣಿಸಿ ನಿಮ್ಮ ಮುಂದಿಡುತ್ತೇನೆ.

ಪಟ್ಟದ ಪ್ರಶ್ನೆ ಬಹಳ ಹಳೆಯದು. ಹಜರತ್ ಮೂಸಾ ಅಲೈಹಿಸ್ಸಲಾಂ ಅವರ ಚರಿತ್ರೆಯಿಂದ ಫಿರ್‌ಔನ್ ಎಂಬ ಹೆಸರು ನಿಮಗೆ ಪರಿಚಯವಿದೆ. ಅದು ಒಬ್ಬ ವ್ಯಕ್ತಿಯ ಹೆಸರಲ್ಲ, ಪ್ರಾಚೀನ ಈಜಿಪ್ಟಿನ ದೊರೆಗಳ ಬಿರುದು. ಆ ದೇಶದಲ್ಲಿ ಸತ್ತ ದೊರೆಯ ಅಂತ್ಯಕ್ರಿಯೆಯನ್ನು ಯಾರು ನಡೆಸುತ್ತಾರೋ ಅವರೇ ಮುಂದಿನ ದೊರೆ ಎಂಬ ಭಾವನೆ ಬೇರೂರಿತ್ತು. ಸುಮಾರು 3300 ವರ್ಷಗಳ ಹಿಂದೆ ತುತಾಂಖಾಮನ್ ಎಂಬ ಹರೆಯದ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಆಯ್ ಎಂಬ ಮುದುಕ ಆಸ್ಥಾನಿಕ ಆ ಕ್ರಿಯೆಗಳನ್ನು ತಾನೇ ನಡೆಸಿದ. ಆ ದೃಶ್ಯವನ್ನು ಸಮಾಧಿಯ ಗೋಡೆಯ ಮೇಲೆ ಚಿತ್ರವಾಗಿ ಬರೆಸಲಾಯಿತು. ರಕ್ತಸಂಬಂಧ ಸಾಲದಿದ್ದಾಗ ಕರ್ಮದಿಂದ ಹಕ್ಕನ್ನು ಗಳಿಸಿಕೊಳ್ಳುವ ಉಪಾಯ ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಶ್ರೀರಂಗಪಟ್ಟಣದಲ್ಲಿ ಇದು ಮತ್ತೆ ಬರುತ್ತದೆ.

ಟಿಪ್ಪು 1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದಾಗ ಅವರ ತಂದೆ ದೊರೆಯಾಗಿರಲಿಲ್ಲ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಆಗ ಮೈಸೂರಿನ ಸೈನ್ಯದಲ್ಲಿ ಏರುತ್ತಿದ್ದ ಒಬ್ಬ ಅಧಿಕಾರಿ ಅಷ್ಟೆ. ತಾಯಿ ಫಾತಿಮಾ ಫಕ್ರುನ್ನಿಸಾ ಕಡಪದ ಕಿಲ್ಲೇದಾರರ ಮನೆತನದವರು. ಮಗನಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರಿಟ್ಟರು. ಅಂದರೆ ಟಿಪ್ಪು ಎಂಬುದು ಸಂತರ ಹೆಸರು. ಸುಲ್ತಾನ್ ಎಂಬುದೂ ಹೆಸರಿನ ಭಾಗವೇ, ಪದವಿಯಲ್ಲ. ಇದನ್ನು ಅನೇಕರು ಮರೆಯುತ್ತಾರೆ.

ಮೈಸೂರಿನ ಪರಿಸ್ಥಿತಿ ಆಗ ವಿಚಿತ್ರವಾಗಿತ್ತು. ಸಿಂಹಾಸನದ ಮೇಲೆ ಒಡೆಯರು, ಅಧಿಕಾರ ದಳವಾಯಿಗಳಾದ ದೇವರಾಜಯ್ಯ ಮತ್ತು ನಂಜರಾಜಯ್ಯ ಎಂಬ ಸಹೋದರರ ಕೈಯಲ್ಲಿ. ದೊರೆಯನ್ನು ಅರಮನೆಯಲ್ಲಿಟ್ಟು ರಾಜ್ಯವನ್ನು ಬೇರೊಬ್ಬರು ಆಳುವ ಪದ್ಧತಿಯನ್ನು ಹೈದರ್ ಕಂಡುಹಿಡಿಯಲಿಲ್ಲ, ಅದು ಅವರಿಗೆ ಸಿದ್ಧವಾಗಿ ಸಿಕ್ಕಿತು. 1761ರಲ್ಲಿ ತಮ್ಮ ಹಳೆಯ ಆಪ್ತ, ಆಮೇಲೆ ವೈರಿಯಾದ ಖಂಡೇರಾವನನ್ನು ಸೋಲಿಸಿದ ಮೇಲೆ ಹೈದರ್ ದಳವಾಯಿಗಳ ಜಾಗದಲ್ಲಿ ತಾವೇ ಕುಳಿತರು. ಆದರೆ ಸಿಂಹಾಸನವನ್ನು ಮುಟ್ಟಲಿಲ್ಲ. ದಸರೆಯಲ್ಲಿ ಒಡೆಯರು ಪ್ರಜೆಗಳಿಗೆ ದರ್ಶನ ಕೊಡುವುದು ನಿಲ್ಲಲಿಲ್ಲ. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಮೊದಲು ಒಬ್ಬ ಮಗ, ಅನಂತರ ಇನ್ನೊಬ್ಬ ಮಗ ಪಟ್ಟಕ್ಕೆ ಬಂದರು. 1776ರಲ್ಲಿ ಅವರೂ ಇಲ್ಲವಾದಾಗ ನೇರ ವಂಶ ಮುಗಿದಿತ್ತು.

ಆಗ ಹೈದರ್ ಮಾಡಿದ್ದನ್ನು ಇತಿಹಾಸಕಾರ ವಿಲ್ಕ್ಸ್ ವಿವರವಾಗಿ ಬರೆದಿಟ್ಟಿದ್ದಾನೆ. ಅರಸು ಮನೆತನಗಳ ಚಿಕ್ಕ ಗಂಡು ಮಕ್ಕಳನ್ನೆಲ್ಲ ಒಂದು ಕೋಣೆಗೆ ಕರೆಸಿದರು. ಅಲ್ಲಿ ಹಣ್ಣು, ಸಿಹಿತಿಂಡಿ, ಒಡವೆ, ಆಟದ ಸಾಮಾನು, ಆಯುಧಗಳನ್ನು ಹರಡಿಟ್ಟಿದ್ದರು. ಮಕ್ಕಳು ತಿಂಡಿಗೆ ಮುಗಿಬಿದ್ದರು. ಒಂದು ಮಗು ಮಾತ್ರ ಒಂದು ಕೈಯಲ್ಲಿ ಕಠಾರಿಯನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಹಿಡಿಯಿತು. ಇವನೇ ರಾಜ ಎಂದು ಹೈದರ್ ತೀರ್ಮಾನಿಸಿದರು. ಆ ಮಗುವೇ ಅರಿಕುಠಾರದ ಖಾಸಾ ಚಾಮರಾಜ ಒಡೆಯರು. ಅವರ ಹೆಸರಿನಿಂದಲೇ ಮುಂದೆ ಅರಿಕುಠಾರ ಚಾಮರಾಜನಗರವಾಯಿತು. ತಾನು ಆಳುವ ರಾಜ್ಯಕ್ಕೆ ಬೇರೊಬ್ಬ ರಾಜನನ್ನು ತಾನೇ ಆರಿಸುವುದು ಎಂದರೆ ನಮಗೆ ಇಂದು ನಗು ಬರಬಹುದು. ಆದರೆ ಹೈದರ್ ಓದು ಬರಹ ಬಾರದವರಾದರೂ ಜನರ ಮನಸ್ಸನ್ನು ಬಲ್ಲವರು. ಪಟ್ಟ ಎಂಬುದು ಬಲದಿಂದ ಮಾತ್ರ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇಂಥ ತಂದೆಯ ಕೆಳಗೆ ಮಗನಾಗಿ ಬೆಳೆಯುವುದು ಸುಲಭವಾಗಿರಲಿಲ್ಲ. ಟಿಪ್ಪುವಿಗೆ ಫಾರ್ಸಿ, ಅರಬ್ಬಿ, ಕುರಾನ್, ಕನ್ನಡ, ಕುದುರೆ ಸವಾರಿ, ಶಸ್ತ್ರವಿದ್ಯೆ ಎಲ್ಲವನ್ನೂ ಕಲಿಸಲಾಯಿತು. ಹದಿನಾರು ಹದಿನೇಳರ ಪ್ರಾಯದಲ್ಲೇ ಅವರು ಮೊದಲನೆಯ ಮೈಸೂರು ಯುದ್ಧದಲ್ಲಿ ಕುದುರೆ ಪಡೆಯೊಂದಿಗೆ ಮದರಾಸಿನ ಹೊರವಲಯದವರೆಗೆ ಹೋಗಿ ಬಂದರು. ಆದರೂ ತಂದೆಯ ಕೋಪ ತಪ್ಪಿದ್ದಲ್ಲ.

ಆ ಕೋಪದ ಒಂದು ದಿನ ನಮ್ಮ ಜಿಲ್ಲೆಯಲ್ಲೇ ನಡೆಯಿತು. 1771ರ ಮಾರ್ಚ್ ತಿಂಗಳು. ಮರಾಠರ ದೊಡ್ಡ ಸೈನ್ಯ ಮೇಲುಕೋಟೆಯ ಕಡೆ ಹೈದರರನ್ನು ಒತ್ತರಿಸಿತ್ತು. ಹೈದರ್ ರಾತ್ರಿ ಕತ್ತಲಲ್ಲಿ ಸೈನ್ಯವನ್ನು ಶ್ರೀರಂಗಪಟ್ಟಣಕ್ಕೆ ಹಿಂತೆಗೆಯಲು ಹೊರಟರು. ಗುಟ್ಟು ರಟ್ಟಾಯಿತು. ಈಗಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಹತ್ತಿರ ಬೆಳಗಾಗುವಾಗ ಮರಾಠರು ಸುತ್ತುವರಿದರು. ಟಿಪ್ಪು ಸಾಮಾನು ಸರಂಜಾಮಿನ ಜೊತೆಗಿದ್ದರು. ರಾತ್ರಿ ಕಳಿಸಿದ ಕರೆಗಳು ಅವರಿಗೆ ತಲುಪಿರಲಿಲ್ಲ. ಅವರು ಎದುರಿಗೆ ಬಂದಾಗ ಮತ್ತೇರಿದ್ದ ಹೈದರ್ ಬೈದು, ಪಕ್ಕದವನ ಕೈಯ ಬೆತ್ತ ಕಸಿದು ಸೈನಿಕರ ಮುಂದೆಯೇ ಮಗನನ್ನು ಹೊಡೆದರು. ಟಿಪ್ಪು ಖಡ್ಗವನ್ನೂ ರುಮಾಲನ್ನೂ ನೆಲಕ್ಕೆಸೆದು, ಈ ದಿನ ತಾನು ಕತ್ತಿ ಹಿಡಿಯುವುದಿಲ್ಲವೆಂದು ಆಣೆಯಿಟ್ಟರು. ಆ ದಿನ ಮೈಸೂರಿನ ಸೈನ್ಯ ಧೂಳೀಪಟವಾಯಿತು. ಹೈದರ್ ಹೇಗೋ ಪಾರಾಗಿ ಪಟ್ಟಣ ಸೇರಿದರು, ಮಗ ಮಾತ್ರ ಬರಲಿಲ್ಲ. ಮಗ ಸತ್ತನೆಂದು ತಿಳಿದ ತಂದೆ ಕೋಟೆಯೊಳಗೆ ಹೋಗಲು ಮನಸ್ಸಿಲ್ಲದೆ ದರ್ಗಾದ ಬಳಿ ಕುಳಿತು ಗೋಳಿಟ್ಟರಂತೆ. ರಾತ್ರಿ ಫಕೀರನ ವೇಷದಲ್ಲಿ ಒಬ್ಬ ಯುವಕ ಬಂದ. ಅವನೇ ಟಿಪ್ಪು.

ಈ ಘಟನೆಯನ್ನು ಇಷ್ಟು ವಿಸ್ತಾರವಾಗಿ ಏಕೆ ಹೇಳಿದೆನೆಂದರೆ, ಪಟ್ಟಕ್ಕೆ ಬರುವ ಮಗನೆಂದರೆ ಹಾಲು ತುಪ್ಪದಲ್ಲಿ ಬೆಳೆದವನು ಎಂಬ ಕಲ್ಪನೆ ನಮ್ಮ ವಿದ್ಯಾರ್ಥಿಗಳಲ್ಲಿದೆ. ಅದೇ ತಂದೆ ಮಗನಿಗೆ ಮಳವಳ್ಳಿಯನ್ನು ಜಾಗೀರಾಗಿ ಕೊಟ್ಟಿದ್ದರು ಎಂಬುದೂ ನಿಜ. ಮಳವಳ್ಳಿಯ ಓದುಗರೇ, ನಿಮ್ಮ ಊರು ಟಿಪ್ಪುವಿಗೆ ರಾಜ್ಯವಾಳುವ ಮುಂಚಿನ ಪಾಠಶಾಲೆಯಾಗಿತ್ತು ಎನ್ನಬಹುದು. ಕೋಟೆಯ ಪಕ್ಕದಲ್ಲಿ ಅಲ್ಲಿ ದೊಡ್ಡದೊಂದು ಹಣ್ಣಿನ ತೋಟವಿತ್ತು. ಅದರ ಮಾತು ಮುಂದೆ ಬರುತ್ತದೆ.

ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ತಂದೆಗೆ ಸಮನಾದ ಸೇನಾನಿಯೆಂದು ತೋರಿಸಿಕೊಟ್ಟರು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೇಲಿಯ ಇಂಗ್ಲಿಷ್ ಪಡೆ ನಾಶವಾಯಿತು. 1782ರ ಆರಂಭದಲ್ಲಿ ತಂಜಾವೂರು ಸೀಮೆಯಲ್ಲಿ ಬ್ರೈತ್‌ವೇಟನ ಪಡೆ ಸೋತು ಸೆರೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟಿಪ್ಪು ಮಲಬಾರಿನ ಪೊನ್ನಾನಿಯಲ್ಲಿ ಇಂಗ್ಲಿಷರನ್ನು ಎದುರಿಸುತ್ತಿದ್ದರು. ಹೈದರ್ ಚಿತ್ತೂರಿನ ಬಳಿಯ ಶಿಬಿರದಲ್ಲಿದ್ದರು. ಬೆನ್ನಿನ ಹುಣ್ಣು ಉಲ್ಬಣಿಸಿ 1782ರ ಡಿಸೆಂಬರ್ 7ರಂದು ಅವರು ತೀರಿಕೊಂಡರು.

ಈಗ ಯೋಚಿಸಿ. ಹತ್ತಿರ ಹತ್ತಿರ ಲಕ್ಷ ಜನರ ಸೈನ್ಯ, ಶಿಬಿರದಲ್ಲಿ ಅಪಾರ ಖಜಾನೆ, ಸುತ್ತ ಶತ್ರುಗಳು. ದೊರೆಯೆಂಬ ಹೆಸರಿಲ್ಲದ ದೊರೆ ಸತ್ತಿದ್ದಾರೆ, ಮಗ ನೂರಾರು ಮೈಲಿ ದೂರದಲ್ಲಿದ್ದಾನೆ. ಹಿರಿಯ ಮಗನಿಗೇ ಪಟ್ಟ ಎಂದು ಬರೆದಿಟ್ಟ ಕಾನೂನು ಯಾವುದೂ ಇರಲಿಲ್ಲ. ಸುದ್ದಿ ಹೊರಬಿದ್ದರೆ ಸೈನ್ಯ ಚದುರುತ್ತದೆ. ಆಗ ಮುಂದೆ ಬಂದವರು ಪೂರ್ಣಯ್ಯ ಮತ್ತು ಕೃಷ್ಣರಾವ್ ಎಂಬ ಇಬ್ಬರು ಲೆಕ್ಕಪತ್ರದ ಮಂತ್ರಿಗಳು. ಅವರು ಸಾವನ್ನು ಮುಚ್ಚಿಟ್ಟರು. ಮಯ್ಯತ್ತಿಗೆ ಸುಗಂಧದ್ರವ್ಯಗಳನ್ನು ತುಂಬಿ ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಪೆಟ್ಟಿಗೆಯೆಂಬಂತೆ ಕಾವಲಿನೊಂದಿಗೆ ಕೋಲಾರಕ್ಕೆ ಸಾಗಿಸಿದರು. ಶಿಬಿರದಲ್ಲಿ ನವಾಬರಿಗೆ ಮೈ ಸರಿಯಿಲ್ಲ ಎಂಬ ಸುದ್ದಿಯ ಜೊತೆಗೆ ಅವರ ಹೆಸರಿನಲ್ಲಿ ದಿನದ ಆಜ್ಞೆಗಳು ಹೊರಡುತ್ತಲೇ ಇದ್ದವು. ಪರದೆ ಎಳೆದ ಮೇನೆ ಸೈನ್ಯದ ಜೊತೆ ನಡೆಯಿತು.

ಗುಟ್ಟು ತಿಳಿದ ಒಬ್ಬಿಬ್ಬರಿದ್ದರು. ಹೈದರರ ಬಂಧುವೇ ಆದ ಮುಹಮ್ಮದ್ ಅಮೀನ್ ಎಂಬ ಸರದಾರ, ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಸಂಚು ಹೂಡಿದ. ಕರೀಮ್ ಮನಸ್ಸಿನಲ್ಲಿ ದುರ್ಬಲ. ಅವನ ಹೆಸರಿನಲ್ಲಿ ತಾನು ಆಳಬಹುದು ಎಂಬುದು ಲೆಕ್ಕ. ಗಮನಿಸಿ, ದಳವಾಯಿಗಳು ಒಡೆಯರಿಗೆ ಮಾಡಿದ್ದನ್ನೇ ಈತ ಹೈದರರ ಮನೆಗೆ ಮಾಡಹೊರಟಿದ್ದ. ಮಂತ್ರಿಗಳು ಸತ್ತ ಹೈದರರ ಆಜ್ಞೆಯೆಂದೇ ಹೇಳಿ ಅವನಿಗೆ ಬೇಡಿ ತೊಡಿಸಿ ಪಟ್ಟಣಕ್ಕೆ ಕಳಿಸಿದರು! ಅತ್ತ ಓಲೆಕಾರ ನಾಲ್ಕೈದು ದಿನಗಳಲ್ಲಿ ಪೊನ್ನಾನಿ ತಲುಪಿದ. ಟಿಪ್ಪು ಮಲಬಾರಿನಿಂದ ಹೊರಟು ವರ್ಷ ಮುಗಿದು ಹೊಸ ವರ್ಷ ಹುಟ್ಟುವ ಹೊತ್ತಿಗೆ ಶಿಬಿರ ಸೇರಿದರು. ಮೆರವಣಿಗೆ ಬೇಡವೆಂದರು. ಮಸನದ್ ಏರದೆ ಬರಿಯ ಜಮಖಾನದ ಮೇಲೆ ಕುಳಿತು ಸರದಾರರನ್ನು ಬರಮಾಡಿಕೊಂಡರು. ಹೈದರರ ಪಟ್ಟ ಹೀಗೆ ರಕ್ತ ಹರಿಯದೆ ಕೈ ಬದಲಾಯಿತು. ದೆಹಲಿಯ ತಖ್ತಿಗಾಗಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕೊಂದ ಕಥೆಗಳನ್ನು ಓದಿದವರಿಗೆ ಇದರ ಬೆಲೆ ತಿಳಿಯುತ್ತದೆ. ಮುಸಲ್ಮಾನ ದೊರೆಯೊಬ್ಬನ ಪಟ್ಟವನ್ನು ಇಬ್ಬರು ಬ್ರಾಹ್ಮಣ ಮಂತ್ರಿಗಳು ಕಾದುಕೊಟ್ಟರು ಎಂಬುದನ್ನೂ ಮರೆಯಬಾರದು.

ಟಿಪ್ಪು ತಂದೆಯ ದೇಹವನ್ನು ಕೋಲಾರದಿಂದ ತರಿಸಿ ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿ ದಫನ್ ಮಾಡಿಸಿ ಗುಂಬಜ್ ಕಟ್ಟಿಸಿದರು. ಮೊದಲೇ ಹೇಳಿದ ಈಜಿಪ್ಟಿನ ಮಾತು ಇಲ್ಲಿ ನೆನಪಿಗೆ ಬರುತ್ತದೆ. ತಂದೆಯ ಗೋರಿಯ ಮೇಲೆ ಎತ್ತರದ ಗುಮ್ಮಟ ಎದ್ದಾಗ ಮಗನ ಹಕ್ಕೂ ಕಲ್ಲಿನಲ್ಲಿ ನಿಂತಂತಾಯಿತು.

1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದದಿಂದ ಯುದ್ಧ ಮುಗಿಯಿತು. ಆಮೇಲೆ ಟಿಪ್ಪು ತಂದೆ ಮಾಡದಿದ್ದ ಕೆಲಸವನ್ನು ಮಾಡಿದರು. 1786ರ ಸುಮಾರಿಗೆ ತಮ್ಮನ್ನು ಪಾದಶಹ ಎಂದು ಘೋಷಿಸಿಕೊಂಡರು. ಶುಕ್ರವಾರದ ಖುತ್ಬಾದಲ್ಲಿ ದೆಹಲಿಯ ಷಾ ಆಲಂ ಬಾದಶಹನ ಹೆಸರು ನಿಂತು ಟಿಪ್ಪುವಿನ ಹೆಸರು ಬಂತು. ಆಗಿನ ಭಾರತದಲ್ಲಿ ಇದು ಸಣ್ಣ ಮಾತಲ್ಲ. ಹೈದರಾಬಾದಿನ ನಿಜಾಮರು, ಆರ್ಕಾಟಿನ ನವಾಬರು, ಕೊನೆಗೆ ಇಂಗ್ಲಿಷ್ ಕಂಪನಿಯೂ ದೆಹಲಿಯ ಹೆಸರಿನ ಮರೆಯಲ್ಲೇ ಆಳುತ್ತಿದ್ದರು. ಕಣ್ಣು ಕೀಳಿಸಿಕೊಂಡು ಯಾರದೋ ಆಸರೆಯಲ್ಲಿ ಬದುಕುವ ಗತಿ ಆ ಬಾದಶಹನಿಗೆ 1788ರಲ್ಲಿ ಬಂತು. ಅಂಥವನ ಹೆಸರಿನಿಂದ ತಮಗೇನು ಬಲ ಎಂದು ಟಿಪ್ಪು ಭಾವಿಸಿದ್ದರೆ ಆಶ್ಚರ್ಯವಿಲ್ಲ. ರಾಜ್ಯಕ್ಕೆ ಅವರಿಟ್ಟ ಹೆಸರು ಸಲ್ತನತ್-ಎ-ಖುದಾದಾದ್, ಅಂದರೆ ದೇವರು ಕೊಟ್ಟ ರಾಜ್ಯ.

ದೇವರು ಕೊಟ್ಟದ್ದಕ್ಕೂ ಭೂಮಿಯ ಮೇಲೆ ಒಂದು ಸಾಕ್ಷಿ ಬೇಕಲ್ಲ. ಅದಕ್ಕಾಗಿ 1786ರಲ್ಲಿ ಸುಮಾರು 900 ಜನರ ರಾಯಭಾರವನ್ನು ಇಸ್ತಾಂಬುಲಿನ ಖಲೀಫರ ಬಳಿಗೆ ಕಳಿಸಿದರು. ವ್ಯಾಪಾರದ ಕೋಠಿಗಳು, ಇಂಗ್ಲಿಷರ ವಿರುದ್ಧ ಸಹಾಯ ಮುಂತಾದ ಕೋರಿಕೆಗಳ ಜೊತೆಗೆ ತಮ್ಮ ಅರಸುತನಕ್ಕೆ ಖಲೀಫರ ಮನ್ನಣೆಯೂ ಬೇಕಿತ್ತು. ಬಿರುದು ಬಂತು, ಸಹಾಯ ಬರಲಿಲ್ಲ. ರೋಗ ಮತ್ತು ಹಡಗಿನ ಅಪಘಾತಗಳಿಗೆ ಸಿಕ್ಕಿ ಹೋದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಒಂದು ಮನ್ನಣೆಗೆ ತೆತ್ತ ಬೆಲೆ ಅತಿಯಾಯಿತು ಎಂದೇ ನನಗೆ ಅನ್ನಿಸುತ್ತದೆ.

ನಾಣ್ಯಗಳಲ್ಲೂ ಅರಸುತನದ ಕಲ್ಪನೆ ಕಾಣುತ್ತದೆ. ಚಿನ್ನದ ನಾಣ್ಯಗಳಿಗೆ ಅಹ್ಮದಿ, ಸಿದ್ದೀಕಿ, ಫಾರೂಕಿ ಎಂದೂ, ಬೆಳ್ಳಿಯವಕ್ಕೆ ಹೈದರಿ, ಇಮಾಮಿ, ಆಬಿದಿ ಎಂದೂ, ತಾಮ್ರದ ಕಾಸುಗಳಿಗೆ ಜೊಹ್ರಾ, ಬಹರಾಂ ಎಂದು ಗ್ರಹಗಳ ಹೆಸರನ್ನೂ ಇಟ್ಟರು. ಅನೇಕ ನಾಣ್ಯಗಳ ಮೇಲೆ ತಂದೆಯ ಹೆಸರಿನ ಮೊದಲ ಅಕ್ಷರವಿದೆ, ಟಿಪ್ಪು ಎಂಬ ಹೆಸರಿಲ್ಲ. ಎಂಟು ಮೂಲೆಯ, ಚಿನ್ನದ ತಗಡು ಹೊದಿಸಿದ, ಹುಲಿಯ ಮೇಲೆ ನಿಂತ ಒಂದು ಸಿಂಹಾಸನವನ್ನೂ ಮಾಡಿಸಿದರು. ಅದರ ಮೇಲೆ ರತ್ನದ ಹುಮಾ ಪಕ್ಷಿ. ಹುಮಾದ ನೆರಳು ಯಾರ ಮೇಲೆ ಬೀಳುತ್ತದೋ ಅವನು ದೊರೆಯಾಗುತ್ತಾನೆಂಬುದು ಫಾರ್ಸಿ ಲೋಕದ ನಂಬಿಕೆ. ಇಂಗ್ಲಿಷರನ್ನು ಸೋಲಿಸುವವರೆಗೆ ಅದನ್ನು ಏರುವುದಿಲ್ಲವೆಂದು ಟಿಪ್ಪು ಹರಕೆ ಹೊತ್ತಿದ್ದರೆಂದು ಹೇಳುತ್ತಾರೆ. ಏರಲೇ ಇಲ್ಲ.

ಆಡಳಿತಗಾರರಾಗಿ ಅವರು ಮಾಡಿದ ಕೆಲಸ ನಮ್ಮ ಜಿಲ್ಲೆಗೆ ಹತ್ತಿರದ್ದು. ಬಂಗಾಳದಿಂದ ರೇಷ್ಮೆ ಹುಳು ತರಿಸಿದರು. ಕಾವೇರಿಗೆ ಅಡ್ಡವಾಗಿ ಅಣೆಕಟ್ಟೆ ಕಟ್ಟುವ ಅವರ ಯೋಜನೆಯ ಫಾರ್ಸಿ ಶಾಸನವನ್ನು ಕನ್ನಂಬಾಡಿಯಲ್ಲಿ ನೀವು ನೋಡಿರಬಹುದು. ಶೃಂಗೇರಿ ಮಠವನ್ನು ಮರಾಠ ಪಡೆ 1791ರಲ್ಲಿ ಕೊಳ್ಳೆ ಹೊಡೆದಾಗ ಶಾರದೆಯ ವಿಗ್ರಹ ಪ್ರತಿಷ್ಠೆಗೆ ಹಣ ಕಳಿಸಿದರು. ಇದನ್ನು ಹೇಳುವ ನಾವು ಇನ್ನೊಂದನ್ನೂ ಹೇಳಬೇಕು. ಕೊಡಗಿನಿಂದ, ಮಲಬಾರಿನಿಂದ, ಮಂಗಳೂರಿನ ಕ್ರೈಸ್ತರ ಊರುಗಳಿಂದ ಸಾವಿರಾರು ಜನರನ್ನು ಸೆರೆ ತಂದರು, ಬಲವಂತದ ಮತಾಂತರಗಳೂ ನಡೆದವು. ಇದು ರಾಜಕೀಯ ಶಿಕ್ಷೆ ಎಂದರೂ ಅನುಭವಿಸಿದವರ ಮನೆಗಳಲ್ಲಿ ನೋವು ನೋವೇ.

ಪಟ್ಟದ ಪ್ರಶ್ನೆಯೂ ಇಂಥ ಒಂದು ನೋವನ್ನು ನಮ್ಮ ನೆರೆಯಲ್ಲೇ ಉಳಿಸಿದೆ. ಇಮ್ಮಡಿ ಕೃಷ್ಣರಾಜರ ರಾಣಿ ಲಕ್ಷ್ಮಮ್ಮಣ್ಣಿ ಒಡೆಯರ ಅಧಿಕಾರವನ್ನು ಮರಳಿ ಪಡೆಯಲು ದಶಕಗಳ ಕಾಲ ಗುಟ್ಟಾಗಿ ಶ್ರಮಿಸಿದವರು. ಅವರ ಪರವಾಗಿ ತಿರುಮಲರಾವ್ ಎಂಬ ಪ್ರಧಾನರು 1782ರಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡರು. ಇದಕ್ಕೆ ಪ್ರತಿಯಾಗಿ ಪ್ರಧಾನರ ಬಂಧುಗಳನ್ನು ನರಕ ಚತುರ್ದಶಿಯಂದು ಕೊಲ್ಲಿಸಲಾಯಿತೆಂಬ ನೆನಪು ಮಂಡಯಂ ಅಯ್ಯಂಗಾರರ ಮನೆಗಳಲ್ಲಿದೆ. ಮೇಲುಕೋಟೆಯ ಆ ಮನೆತನಗಳು ಅಂದು ಹಬ್ಬ ಆಚರಿಸುವುದಿಲ್ಲ. ಪಕ್ಕದ ಮನೆಯ ದೀಪ ಏಕೆ ಉರಿಯುವುದಿಲ್ಲ ಎಂದು ತಿಳಿದಿರುವುದು ನೆರೆಯವರ ಕರ್ತವ್ಯ. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡಾಗ ಟಿಪ್ಪು ಹೊಸ ಒಡೆಯರನ್ನು ಕೂರಿಸಲಿಲ್ಲ. ರಾಜಮನೆತನವನ್ನು ಅರಮನೆಯಿಂದ ಸಣ್ಣ ಮನೆಯೊಂದಕ್ಕೆ ಕಳಿಸಲಾಯಿತು. ಚಾಮರಾಜರ ಮಗನಿಗೆ ಆಗ ಎರಡು ವರ್ಷ. ಹೈದರ್ ಎಚ್ಚರದಿಂದ ಕಾಪಾಡಿಕೊಂಡಿದ್ದ ಮರೆಯನ್ನು ಟಿಪ್ಪು ತೆಗೆದುಹಾಕಿದ್ದರು, ಮತ್ತು ಇಂಗ್ಲಿಷರಿಗೆ ಒಂದು ನೆಪ ಸಿದ್ಧವಾಗಿತ್ತು.

ಮೂರನೆಯ ಯುದ್ಧ 1792ರಲ್ಲಿ ಮುಗಿದಾಗ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಿತ್ತು. ಹತ್ತು ವರ್ಷದ ಅಬ್ದುಲ್ ಖಾಲಿಕ್, ಎಂಟರ ಮುಯಿಜುದ್ದೀನ್ ಆನೆಗಳ ಮೇಲೆ ಕಾರ್ನ್‌ವಾಲಿಸನ ಶಿಬಿರಕ್ಕೆ ಹೋದರು. ಆತ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಎರಡು ವರ್ಷ ಅವರು ತಂದೆ ತಾಯಿಯಿಂದ ದೂರ ಮದರಾಸಿನಲ್ಲಿದ್ದರು. ಟಿಪ್ಪು ಹಣವನ್ನು ಪೂರ್ತಿ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು.

1799ರಲ್ಲಿ ಕೊನೆಯ ಯುದ್ಧ. ಬೊಂಬಾಯಿಯ ಪಡೆಯನ್ನು ಕೊಡಗಿನ ಗಡಿಯಲ್ಲಿ ತಡೆಯಲು ಹೋಗಿ ಸೋತು ಮರಳಿದ ಟಿಪ್ಪು, ಹ್ಯಾರಿಸನ ದೊಡ್ಡ ಸೈನ್ಯವನ್ನು ಎದುರಿಸಲು ಮದ್ದೂರಿಗೆ ಬಂದರು. ಮದ್ದೂರು ಹೊಳೆಯ ದಂಡೆ ಕಾಡು ಕವಿದ ಒಳ್ಳೆಯ ರಕ್ಷಣೆಯ ಜಾಗ. ಅದನ್ನು ಬಿಟ್ಟು ಅವರು ಮಳವಳ್ಳಿಯ ದಿಣ್ಣೆಗಳನ್ನು ಆರಿಸಿದ್ದು ತಪ್ಪೆಂದು ಯುದ್ಧಶಾಸ್ತ್ರ ಬಲ್ಲವರು ಬರೆದಿದ್ದಾರೆ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನವಾಯಿತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿ ಆಗ ಒಬ್ಬ ಕರ್ನಲ್ ಆಗಿ ಇದರಲ್ಲಿದ್ದ. ತಮ್ಮ ಜಾಗೀರಿನ ಊರಿನಲ್ಲೇ ಸೋತು ಟಿಪ್ಪು ಹಿಂದೆ ಸರಿದರು. ಹ್ಯಾರಿಸ್ ಸೋಸಲೆಯ ಹತ್ತಿರ ಕಾವೇರಿ ದಾಟಿದ. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಟಿಪ್ಪು ಓಡಿಹೋಗಲಿಲ್ಲ, ಶರಣಾಗಲಿಲ್ಲ. ರಾತ್ರಿ ದೀವಟಿಗೆ ಹಿಡಿದು ಹುಡುಕಿದಾಗ ಕೋಟೆ ಬಾಗಿಲ ಕಮಾನಿನೊಳಗೆ ಹೆಣಗಳ ರಾಶಿಯಲ್ಲಿ ಅವರ ದೇಹ ಸಿಕ್ಕಿತು.

ಮರುದಿನ ಸಂಜೆ ಜನಾಜಾ ಹೊರಟಿತು. ಅದರ ಹಿಂದೆ ಕುದುರೆಯ ಮೇಲೆ ಸಾಗಿದವರು ಏಳು ವರ್ಷಗಳ ಹಿಂದೆ ಒತ್ತೆಯಾಗಿದ್ದ ಅಬ್ದುಲ್ ಖಾಲಿಕ್. ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಟಿಪ್ಪುವನ್ನು ಮಣ್ಣು ಮಾಡಿದರು. ಆ ಸಂಜೆ ಗುಡುಗು ಸಿಡಿಲಿನ ಭಾರೀ ಮಳೆ ಸುರಿಯಿತು. ಅಂತ್ಯಕ್ರಿಯೆ ನಡೆಸಿದ ಮಗನಿಗೆ ಈ ಸಲ ಪಟ್ಟ ಸಿಗಲಿಲ್ಲ. ಹಿರಿಯ ಮಗ ಫತೇ ಹೈದರ್ ಸೈನ್ಯದೊಡನೆ ಕೋಟೆಯ ಹೊರಗಿದ್ದರು. ಕೆಲವು ದಿನಗಳಲ್ಲಿ ಅವರೂ ಶರಣಾದರು. 1782ರಲ್ಲಿ ಟಿಪ್ಪುವಿನ ಪಟ್ಟ ಕಾದ ಅದೇ ಪೂರ್ಣಯ್ಯನವರು, ಫತೇ ಹೈದರರನ್ನು ಕಪ್ಪ ಕೊಡುವ ದೊರೆಯಾಗಿ ಕೂರಿಸಬಹುದೆಂದು ಇಂಗ್ಲಿಷರಿಗೆ ಸೂಚಿಸಿದರು. ಅವರು ಒಪ್ಪಲಿಲ್ಲ. ಟಿಪ್ಪುವಿನ ಮಗ ಎಂದೂ ತಮ್ಮ ಮಿತ್ರನಾಗಲಾರ, ಒಡೆಯರ ಮಗು ತಮಗೆ ಋಣಿಯಾಗಿರುತ್ತದೆ ಎಂಬುದು ಅವರ ಲೆಕ್ಕ. 1799ರ ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿಸಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಪೂರ್ಣಯ್ಯನವರೇ ದಿವಾನರು.

ಹುಲಿ ಸಿಂಹಾಸನವನ್ನು ಲೂಟಿಯ ಹಣ ಹಂಚುವ ಅಧಿಕಾರಿಗಳು ತುಂಡು ತುಂಡು ಮಾಡಿದರು. ಹುಮಾ ಪಕ್ಷಿಯೂ ಹುಲಿಯ ತಲೆಯೂ ಇಂಗ್ಲೆಂಡಿನ ರಾಜಮನೆತನದ ಪಾಲಾದವು. ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ಬಂಡೆದ್ದು ಟಿಪ್ಪುವಿನ ಹುಲಿಪಟ್ಟೆಯ ಬಾವುಟ ಹಾರಿಸಿದರು. ಅದು ಒಂದೇ ದಿನ ಹಾರಿತು. ಆಮೇಲೆ ಇಡೀ ಕುಟುಂಬವನ್ನು ದೂರದ ಕಲ್ಕತ್ತಕ್ಕೆ ಕಳಿಸಲಾಯಿತು. ಕಿರಿಯ ಮಗ ಗುಲಾಂ ಮುಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ತಂದೆಯ ಹೆಸರಿನ ಮಸೀದಿ ಕಟ್ಟಿಸಿ, 1872ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನು ಮಳವಳ್ಳಿಯ ತೋಟ. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ವೈದ್ಯ ಕಂಪನಿಯ ಪರವಾಗಿ ಈ ಸೀಮೆಯನ್ನು ಸುತ್ತಿ ಬೆಳೆ, ಮಣ್ಣು, ಮರಗಳ ಲೆಕ್ಕ ಬರೆದ. ಯುದ್ಧದಲ್ಲಿ ಊರು ಹಾಳಾಗಿತ್ತು. ಸುಲ್ತಾನರ ತೋಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳಿದ್ದವು, ಅರ್ಧದಷ್ಟು ಮಾವು.